ಕೊಟ್ಟದ್ದು ಇಪ್ಪತ್ತು, ಬಂದದ್ದು ಹತ್ತೊಂಬತ್ತು

ಸೋಮವಾರ, ಆರನೇ ತಾರೀಕು, ಬೆಳಿಗ್ಗೆ 9.40. ದಫೇದಾರ ಎರಡನೇ ಟೀ ಮುಗಿಸಿ, ಮೂರನೆಯದಕ್ಕೆ ಯಾರನ್ನು ಅಟ್ಟಲಿ ಅಂತ ಯೋಚಿಸುತ್ತಿದ್ದಾಗ ಆಸ್ಪತ್ರೆಯ ಮ್ಯಾನೇಜರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅಂಗಿಗೆ ಗರಿಗರಿ ಇಸ್ತ್ರಿ. ಮುಖ ಮಾತ್ರ ಮೂರು ದಿನ ಮಲಗದವರದ್ದು.

ದಫೇದಾರನಿಗೆ ಮೂವತ್ತು ವರ್ಷದ ಸರ್ವಿಸು. ಬಂದವರ ಮುಖ ನೋಡಿದರೆ ಸಾಕು, ಇದು ಎಫ್‌ಐಆರ್‌ಗೆ ಹೋಗುವ ಕೇಸೋ, ನೀರು ಕುಡಿಸಿ ವಾಪಸ್ ಕಳಿಸುವ ಕೇಸೋ ಹೇಳಿಬಿಡುತ್ತೇನೆ ಅಂತ ಅವನ ಜಂಬ. ಠಾಣೆಗೆ ಬರುವ ಅರ್ಧ ಜನ ಅವನ ಮೇಜು ದಾಟಿ ಒಳಗೆ ಹೋಗುತ್ತಲೇ ಇರಲಿಲ್ಲ.

"ಏನ್ ಸಾರ್, ಕಳ್ಳತನವಾ?"

"ಅಲ್ಲ."

"ಹೊಡೆದಾಟ?"

"ಅದೂ ಅಲ್ಲ. ಯಾರೋ ಬರೀತಿದ್ದಾರೆ."

"ಬರೆಯೋದು ಅಪರಾಧ ಅಲ್ಲವಲ್ಲ ಸಾರ್. ನಾನೂ ದಿನಾ ಬರೀತೀನಿ."

ಮ್ಯಾನೇಜರು ನಗಲಿಲ್ಲ. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಮೇಡಂ ಹೊರಗೆ ಬಂದು ಕುರ್ಚಿ ಎಳೆದುಕೊಂಡರು. ಅವರದು ಕಡಿಮೆ ಮಾತು, ತಮಾಷೆಗೆ ಸೊಪ್ಪು ಹಾಕುವವರಲ್ಲ. ದಫೇದಾರ ಬಾಯಿ ಮುಚ್ಚಿ ಪೆನ್ನು ತೆಗೆದ.

ದೂರು ಇಷ್ಟು. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಒಂದು ಬಿಳಿ ಬೋರ್ಡು. ಹೊಟ್ಟೆ ಕೊಯ್ದಾಗ ರಕ್ತ ಹೀರಲು ಒಳಗಿಡುವ ಬಟ್ಟೆಗೆ ಅಲ್ಲಿಯವರು ಮಾಪ್ ಅನ್ನುತ್ತಾರೆ. ಹೊಟ್ಟೆ ಹೊಲಿಯುವ ಮೊದಲು, ಕೊಟ್ಟ ಮಾಪ್ ಎಷ್ಟು, ವಾಪಸ್ ಬಂದದ್ದು ಎಷ್ಟು ಅಂತ ಇಬ್ಬರು ಒಟ್ಟಿಗೆ, ಬಾಯಿಬಿಟ್ಟು ಎಣಿಸಬೇಕು. ಬೋರ್ಡಿನ ಮೇಲೆ ಬರೆದು ಇಬ್ಬರೂ ಒಂದೊಂದು ರೈಟ್ ಗುರುತು ಹಾಕಬೇಕು. ಆಮೇಲೆ ಅದನ್ನೇ ಎಣಿಕೆ ಪುಸ್ತಕಕ್ಕೆ ಇಳಿಸಬೇಕು. ಪ್ರತಿ ಸಂಜೆ ಬೋರ್ಡು ಒರೆಸಿ ಥಿಯೇಟರಿಗೆ ಬೀಗ ಹಾಕುತ್ತಾರೆ. ಆದರೆ ಹನ್ನೊಂದು ದಿನದಿಂದ ಬೆಳಿಗ್ಗೆ ಬೀಗ ತೆಗೆದರೆ ಬೋರ್ಡಿನಲ್ಲಿ ಒಂದೇ ಬರಹ: ಕೊಟ್ಟದ್ದು 20, ಬಂದದ್ದು 19. ಮುಂದೆ ಎರಡು ರೈಟ್ ಗುರುತು.

"ಬೀಗ ಒಡೆದಿದೆಯಾ?" ಮೇಡಂ ಕೇಳಿದರು.

"ಇಲ್ಲ. ಕೀ ನನ್ನ ಹತ್ತಿರಾನೇ ಇರುತ್ತೆ."

"ಕ್ಯಾಮೆರಾ?"

"ಬಾಗಿಲ ಹೊರಗೆ ಇದೆ. ಒಂದು ನೊಣಾನೂ ಸುಳಿದಿಲ್ಲ ಮೇಡಂ. ನರ್ಸ್‌ಗಳು ಒಳಗೆ ಕಾಲಿಡಲ್ಲ ಅಂತಿದ್ದಾರೆ. ನಾಲ್ಕು ಆಪರೇಷನ್ ಮುಂದಕ್ಕೆ ಹಾಕಿದ್ವಿ. ದೊಡ್ಡ ಡಾಕ್ಟರಿಗೆ ಕೈ ನಡುಗೋಕೆ ಶುರುವಾಗಿದೆ."

"ಯಾರ ಮೇಲಾದ್ರೂ ಅನುಮಾನ?"

ಮ್ಯಾನೇಜರು ಇದಕ್ಕೇ ಕಾದಿದ್ದವರ ಹಾಗೆ ಮುಂದೆ ಬಾಗಿದರು. ಟೈಲರ್ ಹೆಂಗಸೊಬ್ಬಳು ಆಸ್ಪತ್ರೆಯ ಮೇಲೆ ಪರಿಹಾರದ ಕೇಸು ಹಾಕಿದ್ದಾಳೆ. ಹೊಟ್ಟೆಯಲ್ಲಿ ಮಾಪ್ ಬಿಟ್ಟು ಹೊಲಿದರು ಅನ್ನುವುದು ಅವಳ ಆರೋಪ. ಇದೇ ಶುಕ್ರವಾರ ಕೊನೆಯ ವಿಚಾರಣೆ. ಹೆದರಿಸಲು ಅವಳೇ ಯಾರನ್ನೋ ಛೂ ಬಿಟ್ಟಿದ್ದಾಳೆ, ಬರೆದುಕೊಳ್ಳಿ ಅಂದರು. 10.25ಕ್ಕೆ ಅತಿಕ್ರಮ ಪ್ರವೇಶದ ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಸ್ಥಳ ಪಂಚನಾಮೆ. ಪಂಚರಾಗಿ ಎದುರಿನ ಕನ್ನಡಕದಂಗಡಿಯವನು, ಒಬ್ಬ ಅಂಚೆಯವನು. ಕಾನ್‌ಸ್ಟೆಬಲ್ ಹುಡುಗಿಯೂ ಜೊತೆಗಿದ್ದಳು. ಸಣಕಲು ಮೈಯವಳು, ಠಾಣೆಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಅಂತಲೇ ಕರೆಯುವುದು.

ಥಿಯೇಟರಿನಲ್ಲಿ ಕಿಟಕಿ ಇಲ್ಲ. ಹಸಿರು ಗೋಡೆ, ನಡುವೆ ಕಿರಿದಾದ ಮೇಜು, ಮೇಲೆ ದೊಡ್ಡ ತಟ್ಟೆಯಷ್ಟಗಲದ ದೀಪ. ಹೊರಗೆ ಹಾಡುಹಗಲು, ಒಳಗೆ ಯಾವ ಹೊತ್ತು ಅಂತಲೇ ತಿಳಿಯುವುದಿಲ್ಲ. ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ದಫೇದಾರನಿಗೆ ತನ್ನ ಬೂಟಿನ ಸದ್ದು ಕೇಳಿಯೇ ಮೈ ಜುಮ್ಮೆಂದಿತು.

ಬೋರ್ಡು ಮೂಲೆಯಲ್ಲಿತ್ತು. ಅದರ ಪಕ್ಕಕ್ಕೆ ತಿರುಗುವ ಗೋಡೆಯಲ್ಲಿ ಎರಡಡಿ ಚೌಕದ ಸ್ಟೀಲ್ ಬಾಗಿಲು. ಅಷ್ಟು ದೊಡ್ಡ ಬೋರ್ಡಿನಲ್ಲಿ ಬರಹ ಮಾತ್ರ ಮೂಲೆಗೆ ಒತ್ತಿಕೊಂಡು, ತೀರಾ ಕೆಳಗೆ. ಎರಡು ರೈಟ್ ಗುರುತುಗಳಲ್ಲಿ ಒಂದರ ಬಾಲ ಬಲಕ್ಕೆ, ಇನ್ನೊಂದರದು ಎಡಕ್ಕೆ.

"ಇದೇನು?" ಮೇಡಂ ಸ್ಟೀಲ್ ಬಾಗಿಲು ತೋರಿಸಿದರು.

"ಟ್ರೇ ಅಲಮಾರು ಮೇಡಂ," ಅಂದಳು ಬಾಗಿಲ ಬಳಿ ನಿಂತಿದ್ದ ಆಯಾ. ಐವತ್ತು ದಾಟಿದವಳು, ಇಪ್ಪತ್ತೆರಡು ವರ್ಷದಿಂದ ಥಿಯೇಟರಿನ ಕೆಲಸವೇ. ತೆಗೆದು ತೋರಿಸಿದಳು. ಒಳಗೆ ಟ್ರೇಗಳು ಒಂದರ ಮೇಲೊಂದು.

"ಈ ಗುರುತು ಯಾರದ್ದು ಅಂತ ಗೊತ್ತಾ?"

ಆಯಾ ಬೋರ್ಡಿನ ಕಡೆ ನೋಡಲೇ ಇಲ್ಲ. "ಎಡಕ್ಕೆ ಬಾಲ ಇರೋದು ದೊಡ್ಡ ಸಿಸ್ಟರ್‌ದು. ಅವರು ಎಡಗೈಯವರು."

"ಎಲ್ಲಿದ್ದಾರೆ?"

"ತೀರಿಕೊಂಡು ಒಂದು ವರ್ಷ ಆಯ್ತು."

ಕಡ್ಡಿ ಸರಕ್ಕನೆ ದಫೇದಾರನ ಹಿಂದೆ ಸರಿದಳು. ದಫೇದಾರನಿಗೂ ಯಾರ ಹಿಂದಾದರೂ ಸರಿಯುವ ಆಸೆಯಿತ್ತು, ಹಿಂದೆ ಇದ್ದದ್ದು ಗೋಡೆ.

ಆಮೇಲೆ ರೆಕಾರ್ಡ್ ಕೋಣೆ. ಟೈಲರ್ ಹೆಂಗಸಿನ ಆಪರೇಷನ್ ಆದ ವರ್ಷದ ಎಣಿಕೆ ಪುಸ್ತಕ ಕೊಡಿ ಅಂದರು ಮೇಡಂ. ಪೈಪು ಒಡೆದು ಆ ವರ್ಷದ ಪುಸ್ತಕಗಳೆಲ್ಲ ಹಾಳಾದವು, ಕೋರ್ಟಿಗೂ ಪ್ರಮಾಣಪತ್ರ ಕೊಟ್ಟಿದ್ದೇವೆ ಅಂತ ಮ್ಯಾನೇಜರು ಒಂದೇ ಉಸಿರಿಗೆ ಹೇಳಿದರು. ಮೇಡಂ ಕಪಾಟಿನ ಸಾಲಿನ ಮೇಲೆ ಬೆರಳಾಡಿಸುತ್ತ ಹೋದರು. ಅದೇ ವರ್ಷದ ಬೇರೆ ಪುಸ್ತಕಗಳು ಒಣಗಿ ಗರಿಗರಿಯಾಗಿ ನಿಂತಿದ್ದವು. ನಡುವೆ ಒಂದು ಪುಸ್ತಕದಷ್ಟು ಖಾಲಿ ಜಾಗ. ಸುತ್ತ ಬೆರಳು ದಪ್ಪ ಧೂಳು, ಆ ಜಾಗದಲ್ಲಿ ಮಾತ್ರ ಮರ ಫಳಫಳ ಹೊಳೆಯುತ್ತಿತ್ತು.

"ಪೈಪು ಒಡೆದದ್ದು ಯಾವಾಗ?"

"ಎರಡು ವರ್ಷ..."

"ಇಲ್ಲಿಂದ ಪುಸ್ತಕ ಎತ್ತಿ ಎರಡು ವಾರವೂ ಆಗಿಲ್ಲ. ದಫೇದಾರ್, ಬರ್ಕೊಳ್ಳಿ."

ಮ್ಯಾನೇಜರ ಮುಖ ಸುಣ್ಣ ಬಳಿದಂತಾಯಿತು. ಸುಳ್ಳು ಸಿಕ್ಕಿಬಿದ್ದ ಗಾಬರಿ ಒಂದೇ ಆಗಿರಲಿಲ್ಲ ಅದು. ಪುಸ್ತಕ ಅಲ್ಲಿಲ್ಲ ಅನ್ನುವುದು ಅವರಿಗೂ ಆಗಷ್ಟೇ ತಿಳಿದದ್ದು.

ಮಧ್ಯಾಹ್ನ 3.10ಕ್ಕೆ ಟೈಲರಮ್ಮನ ಮನೆ. ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರದ ಮೇಲೆ ಮುಸುಕು ಹಾಕಿತ್ತು. ಅವಳು ಕತ್ತರಿಸುವ ಮೇಜಿಗೆ ಒರಗಿ ನಿಂತೇ ಮಾತಾಡಿದಳು, ಕಾಲು ಗಂಟೆಗಿಂತ ಹೆಚ್ಚು ಕೂತರೆ ಹೊಟ್ಟೆ ಕಿವುಚುತ್ತದಂತೆ. ಅವಳಣ್ಣ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

"ಹೋದ ಹನ್ನೊಂದು ದಿನ ಎಲ್ಲಿದ್ರಿ?"

"ಇಲ್ಲೇ. ಮೂರು ಮೆಟ್ಟಿಲು ಇಳಿಯೋಕೆ ಅಣ್ಣ ಕೈ ಹಿಡೀಬೇಕು. ನಾನೆಲ್ಲಿ ಹೋಗಲಿ ಮೇಡಂ?"

"ಆಸ್ಪತ್ರೆ ಬೋರ್ಡಿನಲ್ಲಿ ಇಪ್ಪತ್ತು, ಹತ್ತೊಂಬತ್ತು ಅಂತ ಬರೀತಿರೋರು ಯಾರು?"

ಅವಳ ಕೈಯ ಕತ್ತರಿ ಮೇಜಿನ ಮೇಲೆ ಬಿತ್ತು. "ಅಲ್ಲಿ ಹಾಗೆ ಬರೆದಿದೆಯಾ? ಯಾರೋ ಒಬ್ಬರು ನಿಜ ಹೇಳ್ತಿದ್ದಾರೆ ಹಾಗಾದ್ರೆ."

ಆಪರೇಷನ್ ಆದಮೇಲೆ ಏಳು ತಿಂಗಳು ನೋವು ತಿಂದಳು. ಗ್ಯಾಸು ಅಂದರು, ಮನಸ್ಸಿನ ಕಾಯಿಲೆ ಅಂದರು. "ಒಳಗೆ ಯಾರೋ ಮಲಗಿದ್ದಾರೆ ಅನ್ನಿಸೋದು ಮೇಡಂ. ನಾನು ಮಗ್ಗುಲು ಬದಲಾಯಿಸಿದ್ರೆ ಅದೂ ನಿಧಾನಕ್ಕೆ ಬದಲಾಯಿಸೋದು. ಅತ್ತಿಗೆಗೆ ಹೇಳಿದ್ರೆ ಅವರು ದೀಪ ಆರಿಸೋಕೇ ಹೆದರೋರು." ಕೊನೆಗೆ ಬೇರೊಂದು ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದರೆ ಕೊಳೆತ ಮಾಪ್. ಅದರ ಜೊತೆ ಮೊಳದುದ್ದ ಕರುಳನ್ನೂ ಕತ್ತರಿಸಿ ತೆಗೆಯಬೇಕಾಯಿತು.

"ಆಸ್ಪತ್ರೆಯವರು ಏನಂತಾರೆ?"

"ಅದಕ್ಕೂ ಹಿಂದೆ ಹೆರಿಗೆಗೆ ಇನ್ನೊಂದು ಕಡೆ ಹೊಟ್ಟೆ ಕೊಯ್ಸಿದ್ದೆ. ಬಟ್ಟೆ ಅಲ್ಲಿಯದೇ ಇರಬಹುದು ಅಂತಾರೆ. ಎಣಿಕೆ ಪುಸ್ತಕ ಸಿಕ್ಕಿದ್ರೆ ಮಾತ್ರ ನನ್ನ ಮಾತು ನಿಲ್ಲುತ್ತೆ. ಇಲ್ಲಾಂದ್ರೆ ಶುಕ್ರವಾರ ಕೇಸು ವಜಾ." ಅವಳು ಕತ್ತರಿಯನ್ನು ಬದಿಗೆ ಸರಿಸಿದಳು. "ಕರುಳು ವಾಪಸ್ ಬರಲ್ಲ, ಗೊತ್ತು. ತಪ್ಪು ಅವರದ್ದು ಅಂತ ಒಬ್ಬರಾದ್ರೂ ಬರೆದು ಕೊಡಲಿ."

ವಾಪಸ್ ಬರುವಾಗ ಜೀಪಿನಲ್ಲಿ ದಫೇದಾರನಿಗೆ ಹೊಟ್ಟೆಯೊಳಗೆ ಏನೋ ಮಗ್ಗುಲಾದಂತೆ ಅನ್ನಿಸಿ ಬೆಲ್ಟು ಸಡಿಲ ಮಾಡಿಕೊಂಡ.

ಸಂಜೆ 6.00. ಮೇಡಂ ಪರೀಕ್ಷೆಯೊಂದನ್ನು ಹೂಡಿದರು. ದಫೇದಾರ ತನ್ನ ಕೈಯಾರೆ ಬೋರ್ಡಿಗೆ ಸ್ಪಿರಿಟ್ ಹಾಕಿ ಉಜ್ಜಿದ. ಮೇಜಿನ ಕೆಳಗೆ ಟಾರ್ಚು ಬಿಟ್ಟು ನೋಡಿದ. ಆಯಾ ಟ್ರೇ ಜೋಡಿಸಿ ಅಲಮಾರು ಮುಚ್ಚಿ ಹೊರಗೆ ಬಂದಳು. ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ, ಬಟ್ಟೆಯ ಮೇಲೆ ಅರಗಿನ ಮುದ್ರೆ, ಪಂಚರ ಸಹಿ. ಕೀ ಮೇಡಂ ಜೇಬಿನಲ್ಲಿ. "ಈಗ ಬರೀಲಿ ನೋಡೋಣ," ಅಂದ ದಫೇದಾರ, ಸ್ವಲ್ಪ ಜೋರಾಗಿಯೇ.

ಮಂಗಳವಾರ ಬೆಳಿಗ್ಗೆ 6.30. ಮುದ್ರೆ ಹಾಗೇ ಇತ್ತು. ಮೇಡಂ ಅದನ್ನು ಒಡೆದು ಬೀಗ ತೆಗೆದು ದೀಪ ಹಾಕಿದರು.

ಕೊಟ್ಟದ್ದು 20, ಬಂದದ್ದು 19. ಎರಡು ಗುರುತು. ದಫೇದಾರ ಬೆರಳಿಟ್ಟ. ಶಾಯಿ ಬೆರಳಿಗೆ ಅಂಟಿತು.

ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಂಡ. "ಮೇಡಂ, ಇದು ನಮ್ಮ ಕೈಲಾಗೋ ಕೇಸಲ್ಲ. ಸತ್ತವರ ಮೇಲೆ ಎಫ್‌ಐಆರ್ ಹಾಕೋಕೆ ನನಗೆ ಬರಲ್ಲ."

"ಸತ್ತವರಿಗೆ ಮಾರ್ಕರ್ ಪೆನ್ನು ಬೇಡ ದಫೇದಾರ್," ಅಂದರು ಮೇಡಂ. "ಇಷ್ಟು ದೊಡ್ಡ ಬೋರ್ಡು. ದಿನಾ ಈ ಮೂಲೇಲೇ ಯಾಕೆ ಬರೀತಾರೆ? ಯೋಚನೆ ಮಾಡಿ. ಥಿಯೇಟರಿನ ಒಬ್ಬೊಬ್ಬರ ಹೇಳಿಕೆ ತಗೊಳ್ಳಿ."

ಒಂಬತ್ತು ಗಂಟೆಯಿಂದ ಮ್ಯಾನೇಜರ ಕೋಣೆಯಲ್ಲಿ ಹೇಳಿಕೆಗಳು. ಹನ್ನೊಂದು ಜನ. ಹತ್ತು ಜನರದ್ದು ಒಂದೇ ರಾಗ: ದೊಡ್ಡ ಸಿಸ್ಟರ್ ಒಳ್ಳೆಯವರು, ಟೈಲರಮ್ಮನ ಆಪರೇಷನ್ ಆದ ತಿಂಗಳೇ ಥಿಯೇಟರಿನಿಂದ ತೆಗೆದು ಹೊರರೋಗಿಗಳ ಚೀಟಿ ಬರೆಯಲು ಹಾಕಿದರು, ಯಾಕೆ ಅಂತ ಗೊತ್ತಿಲ್ಲ, ಆಮೇಲೆ ಜ್ವರ ಬಂದು ತೀರಿಕೊಂಡರು. ಹೆಚ್ಚು ಕೆದಕಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತು.

ಕೊನೆಗೆ ಆಯಾ. 12.15.

"ಆವತ್ತು ಟೈಲರಮ್ಮನ ಆಪರೇಷನ್‌ನಲ್ಲಿ ಎಣಿಸಿದ್ದು ಯಾರು?"

"ಸಿಸ್ಟರ್, ನಾನು."

"ಸರಿಯಿತ್ತಾ?"

"ಪುಸ್ತಕದಲ್ಲಿ ಏನಿದೆಯೋ ಅದು."

"ಪುಸ್ತಕ ಎಲ್ಲಿ?"

"ಸಿಗುತ್ತೆ ಸಾರ್."

ಸಿಗುತ್ತೆ ಅಂದಳು, ಗೊತ್ತಿಲ್ಲ ಅನ್ನಲಿಲ್ಲ. ದಫೇದಾರ ತಲೆಯೆತ್ತಿ ನೋಡಿದ. ಈ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು, ನೆನಪಾಗಲಿಲ್ಲ. ಹೇಳಿಕೆಯ ಮೂರು ಹಾಳೆ ಅವಳ ಮುಂದೆ ಸರಿಸಿದ. ಅವಳು ಒಂದು, ಎರಡು, ಮೂರು ಅಂತ ಬಾಯಿಬಿಟ್ಟು ಎಣಿಸಿದಳು. ಸಹಿ ಮಾಡಿದಳು. ಸಹಿಯ ಪಕ್ಕ ಒಂದು ರೈಟ್ ಗುರುತು ಹಾಕಿದಳು. ಆಮೇಲೆ, ತಾನೇನು ಮಾಡುತ್ತಿದ್ದೇನೆ ಅನ್ನುವುದರ ಅರಿವೇ ಇಲ್ಲದವಳ ಹಾಗೆ ಪೆನ್ನನ್ನು ಎಡಗೈಗೆ ಬದಲಾಯಿಸಿ, ಪಕ್ಕದಲ್ಲೇ ಇನ್ನೊಂದು ಹಾಕಿದಳು. ಬಾಲ ಎಡಕ್ಕೆ.

ದಫೇದಾರನ ಕುತ್ತಿಗೆಯ ಕೂದಲು ನೆಟ್ಟಗಾಯಿತು.

"ಇದು... ಇದು ಯಾರದ್ದು?"

ಆಯಾ ಹಾಳೆ ನೋಡಿದಳು, ತನ್ನ ಎಡಗೈ ನೋಡಿಕೊಂಡಳು. "ಸಿಸ್ಟರ್‌ದು. ಒಬ್ಬರೇ ಎಣಿಸಬಾರದು ಸಾರ್," ಅಂದು ಎದ್ದು ಕೆಲಸಕ್ಕೆ ಹೋದಳು.

ಅವನು ಹಾಳೆ ಹಿಡಿದು ಓಡಿದ. ಮೇಡಂ ನೋಡಿದರು, ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆ ಇವರ ಕೆಲಸ ಎಲ್ಲಿ ಶುರುವಾಗುತ್ತೆ?"

ಐದು ಗಂಟೆಗೆ, ಸಾಮಾನು ಬೇಯಿಸುವ ಕೋಣೆಯಲ್ಲಿ. ಕತ್ತರಿ, ಟ್ರೇ, ಬಟ್ಟೆಗಳನ್ನು ಆವಿಯಲ್ಲಿ ಶುದ್ಧ ಮಾಡುವ ಕೋಣೆ ಅದು. ಅದರ ಬಾಗಿಲು ಇನ್ನೊಂದು ಓಣಿಗೆ ತೆರೆಯುತ್ತದೆ, ಅದಕ್ಕೇ ಯಾರೂ ಆ ಕಡೆಯ ಕ್ಯಾಮೆರಾ ನೋಡಿರಲಿಲ್ಲ. ನೋಡಿದ್ದರೂ ಕಾಣುತ್ತಿದ್ದದ್ದು ದಿನದಂತೆ ಕೆಲಸಕ್ಕೆ ಬರುವ ಆಯಾ ಅಷ್ಟೇ.

ಮೇಡಂ ಮತ್ತು ಕಡ್ಡಿ ಥಿಯೇಟರಿನೊಳಗೆ ನಿಂತರು. ದಫೇದಾರ ಸುತ್ತುಹಾಕಿ ಆ ಕೋಣೆಗೆ ಹೋದ. ಆಯಾ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು, ಎದ್ದೇಳಲಿಲ್ಲ. ಮೂಲೆಯ ಗೋಡೆಯಲ್ಲಿ ಎರಡಡಿ ಚೌಕದ ಸ್ಟೀಲ್ ಬಾಗಿಲು. ತೆಗೆದ. ಅವೇ ಟ್ರೇಗಳ ಬೆನ್ನು ಕಂಡಿತು. ಅದು ಅಲಮಾರು ಅಲ್ಲವೇ ಅಲ್ಲ, ಸಾಮಾನು ದಾಟಿಸುವ ಕಿಂಡಿ. ದಿನಾ ಅದರಲ್ಲಿ ಕೈಯಾಡಿಸುವ ಆಯಾ ಬಿಟ್ಟರೆ ಉಳಿದವರಿಗೆಲ್ಲ ಅದು ಗೋಡೆಯ ಅಲಮಾರೇ. ಟ್ರೇ ಸರಿಸಿ, ಭುಜದವರೆಗೆ ಕೈ ತೂರಿಸಿ ಆಚೆ ಬಾಗಿಲನ್ನು ತಳ್ಳಿದ. ಅಗಳಿ ಹಾಕಿರಲಿಲ್ಲ. ಬೆರಳು ಚಾಚಿದರೆ ತಣ್ಣಗೆ, ನುಣ್ಣಗೆ ಬೋರ್ಡಿನ ಕೆಳಮೂಲೆ.

ಆಚೆಯಿಂದ ಕಡ್ಡಿ ಚಿಟ್ಟನೆ ಚೀರಿದಳು. ಗೋಡೆಯೊಳಗಿಂದ ಒಂದು ಕೈ ಬಂದರೆ ಇನ್ನೇನು ಮಾಡಿಯಾಳು ಪಾಪ.

"ಬೆಳಿಗ್ಗೆಯಿಂದ ಕಾಯ್ತಿದ್ದೆ," ಅಂದಳು ಆಯಾ ಹಿಂದಿನಿಂದ. "ಬಂದ್ರಲ್ಲ, ಸದ್ಯ."

ಮಾಪ್ ಇಡುವ ಸ್ಟೀಲ್ ಡ್ರಮ್ಮೊಂದರ ಮುಚ್ಚಳ ತೆಗೆದು ಹಸಿರು ಬಟ್ಟೆಯ ಗಂಟನ್ನು ಎತ್ತಿಕೊಂಡಳು. ಅಷ್ಟರಲ್ಲಿ ಮೇಡಂ ಬಂದರು, ಪಂಚರನ್ನು ಕರೆಸಿದರು. ಗಂಟು ಬಿಚ್ಚಿದರೆ ಎಣಿಕೆ ಪುಸ್ತಕ. ಪುಟ ತಿರುವಿದರು. ಸಾಲು ಸಾಲಿಗೂ ಎರಡೆರಡು ಗುರುತು, ಒಂದು ಬಲಕ್ಕೆ, ಒಂದು ಎಡಕ್ಕೆ. ಟೈಲರಮ್ಮನ ಹೆಸರಿನ ಮುಂದೆ ಮಾತ್ರ ಹತ್ತೊಂಬತ್ತನ್ನು ಕೆರೆದು ಅದರ ಮೇಲೆ ಇಪ್ಪತ್ತು ಬರೆದಿತ್ತು. ಗುರುತು ಒಂದೇ. ಬಾಲ ಬಲಕ್ಕೆ.

"ಇದು ನಿಮ್ಮದು," ಅಂದರು ಮೇಡಂ.

"ನಂದೇ. ಸಿಸ್ಟರ್ ಒಂದು ಕಡಿಮೆ ಇದೆ ಅಂದ್ರು. ಮೂರು ಸಲ ಅಂದ್ರು. ಹೊರಗೆ ಇನ್ನೊಬ್ಬ ಪೇಷೆಂಟು ಕಾಯ್ತಿದ್ರು, ದೊಡ್ಡ ಡಾಕ್ಟರು 'ನಿಮ್ಮ ಎಣಿಕೆ ತಪ್ಪು' ಅಂತ ಹೊಲಿದುಬಿಟ್ರು. ಸಂಜೆ ಮ್ಯಾನೇಜರು ಇಬ್ಬರನ್ನೂ ಕರೆದು ಇಪ್ಪತ್ತಕ್ಕೆ ಗುರುತು ಹಾಕಿ ಅಂದ್ರು. ಸಿಸ್ಟರ್ ಹಾಕಲಿಲ್ಲ. ನಾನು ಹಾಕಿದೆ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಕೈ ಒಣಗಿಯೇ ಇತ್ತು. "ನನಗೆ ಈ ಕೆಲಸ ಬಿಟ್ರೆ ಗತಿಯಿರಲಿಲ್ಲ. ಅವರಿಗೂ ಇರಲಿಲ್ಲ, ಆದ್ರೂ ಹಾಕಲಿಲ್ಲ. ನಾಚಿಕೆ ಮೇಡಂ. ನಿದ್ದೇಲೂ ಎಣಿಸ್ತೀನಿ, ಒಂದು ಕಡಿಮೆನೇ ಬರುತ್ತೆ."

"ಮ್ಯಾನೇಜರು ಪುಸ್ತಕ ಸುಟ್ಟಿರಲಿಲ್ಲ ಯಾಕೆ?"

"ಅದರಲ್ಲೇ ಬೇರೆ ಪೇಷೆಂಟುಗಳ ಲೆಕ್ಕ ಇದೆ, ಲೈಸೆನ್ಸ್ ತಪಾಸಣೆಗೆ ಬೇಕು. ಈ ತಿಂಗಳು ತಪಾಸಣೆ ಮುಗಿದ ಕೂಡ್ಲೇ ಸುಡೋಣ ಅಂತ ಮ್ಯಾನೇಜರು ಫೋನಲ್ಲಿ ಅಂದದ್ದು ಕೇಳಿಸ್ತು. ಆವತ್ತೇ ಎತ್ತಿಕೊಂಡೆ."

"ಟೈಲರಮ್ಮನ ಕೈಗೆ ಕೊಡಬಹುದಿತ್ತಲ್ಲ?"

"ಕದ್ದು ತಿದ್ದಿದ್ದಾಳೆ ಅಂತಿದ್ರು. ಪೊಲೀಸ್ ಪಂಚನಾಮೆಯಲ್ಲಿ ಬರೆದದ್ದು ಕಳೆದುಹೋಗಲ್ಲ, ಅಲ್ವಾ? ಆದ್ರೆ ಪುಸ್ತಕ ಕಳೆದದ್ದಕ್ಕೆ ಆಸ್ಪತ್ರೆಯವರು ದೂರು ಕೊಡ್ತಾರಾ? ಹೆದರಿದ್ರೆ ಕೊಡ್ತಾರೆ. ಅದಕ್ಕೇ ದಿನಾ ಬರೆದೆ, ಆವತ್ತು ಬರೀಬೇಕಾಗಿದ್ದದ್ದನ್ನೇ. ಸಿಸ್ಟರ್ ಗುರುತನ್ನೂ ನಾನೇ ಹಾಕಿದೆ."

"ಮೊದಲೇ ಠಾಣೆಗೆ ಬರಬಹುದಿತ್ತು," ಅಂದರು ಮೇಡಂ.

"ಬಂದಿದ್ದೆ. ಎರಡು ಸಲ."

ದಫೇದಾರ ಅವಳ ಕಡೆ ತಿರುಗಿದ. ಮುಖ ಈಗ ನೆನಪಾಯಿತು. ಪ್ಲಾಸ್ಟಿಕ್ ಚೀಲವನ್ನು ಎದೆಗೊತ್ತಿಕೊಂಡು ತನ್ನ ಮೇಜಿನ ಮುಂದೆ ನಿಂತಿದ್ದ ಹೆಂಗಸು. ಅದು ಸಿವಿಲ್ ಮ್ಯಾಟರು ಕಣಮ್ಮ, ಕೋರ್ಟಿಗೆ ಹೋಗು ಅಂದಿದ್ದ. ಎರಡನೇ ಸಲ ಟೀ ಲೋಟ ಕೆಳಗೂ ಇಡದೆ ಅಂದಿದ್ದ. ಅವಳು ಅವನ ಕಡೆ ಬೆರಳು ತೋರಿಸಲಿಲ್ಲ. ಸುಮ್ಮನೆ ನೆಲ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಮೇಡಂ," ಅಂದ ದಫೇದಾರ. "ವಾಪಸ್ ಕಳಿಸಿದ್ದು ನಾನೇ."

ಮೇಡಂ ಪುಸ್ತಕವನ್ನು ಅವನ ಕಡೆ ಸರಿಸಿದರು. "ಪುಟ ಎಣಿಸಿ, ಪಂಚನಾಮೆ ಬರೀರಿ."

ಅವನು ಎಣಿಸಲು ಕೂತ. ನಲವತ್ತರ ಹತ್ತಿರ ನಿಲ್ಲಿಸಿ, ಪುಸ್ತಕವನ್ನು ಆಯಾಳಿಗೂ ಕಾಣುವಂತೆ ತಿರುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದ. ಇಬ್ಬರೂ ಬಾಯಿಬಿಟ್ಟು ಎಣಿಸಿದರು. ಇನ್ನೂರ ಹನ್ನೆರಡು ಪುಟ. ಮಧ್ಯಾಹ್ನ 1.50ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. 2.05ಕ್ಕೆ ಕಳ್ಳತನ, ಅತಿಕ್ರಮ ಪ್ರವೇಶ, ಸುಳ್ಳು ದಾಖಲೆಗೆ ಗುರುತು ಹಾಕಿದ ಆರೋಪಗಳ ಮೇಲೆ ಆಯಾಳ ಬಂಧನವಾಯಿತು. ಮ್ಯಾನೇಜರು ಮತ್ತು ದೊಡ್ಡ ಡಾಕ್ಟರ ಮೇಲೆ ಬೇರೆ ಎಫ್‌ಐಆರ್ ಅದೇ ಸಂಜೆ ಆಯಿತು. ಜೀಪು ಹತ್ತುವಾಗ ಕಡ್ಡಿ ಆಯಾಳ ಮೊಣಕೈ ಹಿಡಿದುಕೊಂಡಳು. ಆಯಾ ಕಣ್ಣು ಮುಚ್ಚಿ ಸೀಟಿಗೆ ಒರಗಿದವಳು, ಠಾಣೆ ತಲುಪುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಶುಕ್ರವಾರ 11.15ಕ್ಕೆ ದಫೇದಾರ ಪುಸ್ತಕವನ್ನು ಕೋರ್ಟಿಗೆ ಒಪ್ಪಿಸಿದ. ಕೇಸು ವಜಾ ಆಗಲಿಲ್ಲ. ತೀರ್ಪಿಗೆ ಇನ್ನೂ ದಿನ ಹಿಡಿಯುತ್ತದೆ. ಟೈಲರಮ್ಮ ಅಣ್ಣನ ಕೈ ಹಿಡಿದು ಮುಂದೆ ಬಂದು, ತನ್ನ ಹೆಸರಿನ ಸಾಲನ್ನು ಬಹಳ ಹೊತ್ತು ನೋಡಿದಳು.

"ಎಲ್ಲರಿಗೂ ಎರಡಿದೆ. ನನಗೆ ಮಾತ್ರ ಒಂದೇ ಯಾಕೆ ಸಾರ್?"

"ಇನ್ನೊಬ್ಬರು ಸುಳ್ಳಿಗೆ ಹಾಕೋದಿಲ್ಲ ಅಂದ್ರಂತೆ ಕಣಮ್ಮ," ಅಂದ ದಫೇದಾರ.

ಅವಳು ಆ ಖಾಲಿ ಜಾಗದ ಮೇಲೆ ಅಂಗೈಯಿಟ್ಟು ಅತ್ತುಬಿಟ್ಟಳು.

ಠಾಣೆಗೆ ಬಂದು ದಫೇದಾರ ಸ್ಟೇಷನ್ ಡೈರಿ ತೆರೆದ. ಆರೋಪಿಯು ಈ ಮೊದಲು ಎರಡು ಸಲ ಸದರಿ ವಿಷಯ ತಿಳಿಸಲು ಠಾಣೆಗೆ ಬಂದಿದ್ದು, ಕರ್ತವ್ಯದಲ್ಲಿದ್ದ ನಾನು ದೂರು ಪಡೆಯದೆ ವಾಪಸ್ ಕಳಿಸಿರುತ್ತೇನೆ ಅಂತ ಬರೆದ. ಸಹಿ ಮಾಡಿದ, ಪಕ್ಕಕ್ಕೆ ರೈಟ್ ಗುರುತು ಹಾಕಿದ. ಆಮೇಲೆ ಡೈರಿಯನ್ನು ಒಳಗೆ ಒಯ್ದು ಮೇಡಂ ಮುಂದೆ ತಿರುಗಿಸಿಟ್ಟ.

"ಇದು ಬರೆದ್ರೆ ನಿಮ್ಮ ಮೇಲೆ ವಿಚಾರಣೆ ಆಗುತ್ತೆ, ಗೊತ್ತಲ್ವಾ?"

"ಗೊತ್ತು ಮೇಡಂ."

ಮೇಡಂ ಇನ್ನೊಮ್ಮೆ ಓದಿದರು. ಪೆನ್ನು ತೆಗೆದುಕೊಂಡು, ಅವನ ಗುರುತಿನ ಪಕ್ಕದಲ್ಲಿ ತಮ್ಮದೊಂದು ಹಾಕಿದರು.